ನಜಾಶಿಯ ಆಸ್ಥಾನದಲ್ಲಿ ಮರ್ಯಮ್ ಕಥೆ

ಕೇಳುಗರಿಗೆ ನಮಸ್ಕಾರ.

ಕ್ರಿಸ್ತಶಕ 615ರ ಸುಮಾರಿಗೆ ಮಕ್ಕಾದ ಒಂದು ಸಣ್ಣ ಗುಂಪು ಕೆಂಪು ಸಮುದ್ರ ದಾಟಿ ಅಬಿಸೀನಿಯಾಕ್ಕೆ, ಅಂದರೆ ಇಂದಿನ ಇಥಿಯೋಪಿಯಾದ ಕಡೆಗೆ ಹೊರಟಿತು. ಅವರೆಲ್ಲ ಪ್ರವಾದಿ ಮುಹಮ್ಮದರ ಮಾತಿಗೆ ಓಗೊಟ್ಟವರು. ಅದೇ ಕಾರಣಕ್ಕೆ ಮಕ್ಕಾದ ಪ್ರಬಲ ಬುಡಕಟ್ಟಾದ ಕುರೈಷ್ ಮುಖಂಡರ ಕಿರುಕುಳಕ್ಕೆ ಗುರಿಯಾದವರು. ಅಬಿಸೀನಿಯಾಕ್ಕೆ ಹೋಗಿ, ಅಲ್ಲಿನ ಅರಸನ ಬಳಿ ಯಾರಿಗೂ ಅನ್ಯಾಯವಾಗುವುದಿಲ್ಲ ಎಂದು ದಾರಿ ತೋರಿಸಿದವರು ಪ್ರವಾದಿಯವರೇ. ಆ ಅರಸ ಕ್ರೈಸ್ತ. ಅರಬರು ಅವನನ್ನು ನಜಾಶಿ ಎಂದು ಕರೆಯುತ್ತಿದ್ದರು.

ಕುರೈಷರು ಸುಮ್ಮನಿರಲಿಲ್ಲ. ಹದಮಾಡಿದ ತೊಗಲಿನ ಕಾಣಿಕೆಗಳನ್ನು ಕೊಟ್ಟು ಇಬ್ಬರು ದೂತರನ್ನು ಬೆನ್ನಿಗೇ ಕಳುಹಿಸಿದರು. ಓಡಿಬಂದವರನ್ನು ತಮಗೆ ಒಪ್ಪಿಸಬೇಕೆಂಬುದು ಅವರ ಬೇಡಿಕೆ. ನಜಾಶಿ ಎರಡೂ ಕಡೆಯವರನ್ನು ಸಭೆಗೆ ಕರೆಸಿದ. ನಿಮ್ಮ ಪ್ರವಾದಿ ತಂದದ್ದರಲ್ಲಿ ಏನಾದರೂ ನಿಮ್ಮ ಬಳಿ ಇದೆಯೇ ಎಂದು ಕೇಳಿದ. ಪ್ರವಾದಿಯವರ ದೊಡ್ಡಪ್ಪನ ಮಗ ಜಾಫರ್ ಎದ್ದು ನಿಂತು ಕುರಾನಿನ ಮರ್ಯಮ್ ಅಧ್ಯಾಯದ ಆರಂಭದ ಭಾಗವನ್ನು ಪಠಿಸಿದ. ಯೇಸುವಿನ ತಾಯಿ ಮರ್ಯಮ್ ಅವರ ಕಥೆ ಹೇಳುವ ಅಧ್ಯಾಯ ಅದು. ಹೆರಿಗೆಯ ನೋವಿನಲ್ಲಿ ಒಂಟಿ ಹೆಣ್ಣು ಖರ್ಜೂರದ ಮರದ ಬುಡಕ್ಕೆ ಬಂದು, ಇದಕ್ಕೆ ಮೊದಲೇ ನಾನು ಸತ್ತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹಲುಬುವ ಪ್ರಸಂಗ ಅದರಲ್ಲಿದೆ. ಎಂಟನೆಯ ಶತಮಾನದಲ್ಲಿ ಪ್ರವಾದಿಯವರ ಜೀವನಚರಿತ್ರೆಯನ್ನು ಸಂಗ್ರಹಿಸಿದ ಇಬ್ನ್ ಇಸ್‌ಹಾಕ್ ಹೇಳುವಂತೆ, ಕೇಳುತ್ತ ಕೇಳುತ್ತ ನಜಾಶಿಯ ಗಡ್ಡ ಕಣ್ಣೀರಿನಿಂದ ತೊಯ್ದುಹೋಯಿತು. ಪಕ್ಕದಲ್ಲಿ ಧರ್ಮಗ್ರಂಥಗಳನ್ನು ಬಿಚ್ಚಿ ಕುಳಿತಿದ್ದ ಬಿಷಪರೂ ಅತ್ತರು. ಮರುದಿನ ದೂತರು ಮತ್ತೆ ಬಂದು, ಇವರು ಯೇಸುವಿನ ಬಗ್ಗೆ ಏನು ಹೇಳುತ್ತಾರೋ ಕೇಳಿ ನೋಡಿ ಎಂದು ಚುಚ್ಚಿದರು. ಅವರು ದೇವರ ದಾಸ, ಪ್ರವಾದಿ, ಮರ್ಯಮ್ ಅವರಿಗೆ ದೇವರು ದಯಪಾಲಿಸಿದ ವಚನ ಎಂದು ಜಾಫರ್ ಮುಚ್ಚುಮರೆಯಿಲ್ಲದೆ ಉತ್ತರಿಸಿದ. ನಜಾಶಿ ನೆಲದಿಂದ ಒಂದು ಕಡ್ಡಿ ಎತ್ತಿಕೊಂಡು, ನೀನು ಹೇಳಿದ್ದಕ್ಕೂ ಯೇಸುವಿನ ನಿಜಕ್ಕೂ ಈ ಕಡ್ಡಿಯಷ್ಟೂ ಅಂತರವಿಲ್ಲ ಎಂದ. ಕಾಣಿಕೆಗಳು ಹಿಂದಕ್ಕೆ ಹೋದವು. ವಲಸಿಗರು ಉಳಿದರು.

ಇಸ್ಲಾಮಿನ ಹುಟ್ಟಿನ ಕಥೆಯನ್ನು ಸಾಮಾನ್ಯವಾಗಿ 610ರಲ್ಲಿ ಮುಹಮ್ಮದರಿಗೆ ಮೊದಲ ದೇವವಾಣಿ ಕೇಳಿಸಿತೆನ್ನುವ ಹಿರಾ ಗುಹೆಯಿಂದ ಆರಂಭಿಸುತ್ತಾರೆ. ನಾನು ಬೇಕೆಂದೇ ಈ ಸಭೆಯಿಂದ ಆರಂಭಿಸಿದೆ. ಏಕೆಂದರೆ ಹೊರಜಗತ್ತಿನ ಸುಳಿವೇ ಇಲ್ಲದ ಮರಳುಗಾಡಿನಲ್ಲಿ ಒಂದು ಧರ್ಮ ದಿಢೀರನೆ ಎದ್ದುನಿಂತಿತು ಎಂಬ ತಿಳಿವಳಿಕೆ ನಮ್ಮಲ್ಲಿ ಬಹಳ ಬೇರೂರಿದೆ. ಅದು ಸರಿಯಲ್ಲ.

ದಕ್ಷಿಣ ಅರೇಬಿಯಾವನ್ನೇ ನೋಡಿ. ಇಂದಿನ ಯೆಮನ್‌ನಲ್ಲಿ ಆಳುತ್ತಿದ್ದ ಹಿಮ್ಯಾರ್ ಅರಸರು ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಹಳೆಯ ದೇವತೆಗಳನ್ನು ಕೈಬಿಟ್ಟಿದ್ದರು. ಅಲ್ಲಿಂದ ಮುಂದಿನ ರಾಜಶಾಸನಗಳಲ್ಲಿ ಕಾಣುವುದು ಒಬ್ಬನೇ ದೇವರು. ಅವರು ಒಲಿದದ್ದು ಯಹೂದಿ ಧರ್ಮಕ್ಕೆ. 523ರಲ್ಲಿ ಅಲ್ಲಿನ ಯಹೂದಿ ಅರಸ ಯೂಸುಫ್, ನಜ್ರಾನಿನ ಕ್ರೈಸ್ತರ ಮಾರಣಹೋಮ ನಡೆಸಿದ. ಅದಕ್ಕೆ ಪ್ರತಿಯಾಗಿ ಇಥಿಯೋಪಿಯಾದ ಕ್ರೈಸ್ತ ಅರಸ ಕಾಲೇಬ್ ದಂಡೆತ್ತಿ ಬಂದ. ಮುಂದೆ ಅಲ್ಲಿ ಆಳಿದ ಕ್ರೈಸ್ತ ದೊರೆ ಅಬ್ರಹ, 548ರ ಸುಮಾರಿಗೆ ಮಾರಿಬ್ ಅಣೆಕಟ್ಟನ್ನು ದುರಸ್ತಿ ಮಾಡಿಸಿ ಒಂದು ಶಾಸನ ಕೆತ್ತಿಸಿದ. ರಹ್ಮಾನನ, ಅಂದರೆ ಕರುಣಾಮಯಿ ದೇವರ, ಅವನ ಮೆಸ್ಸೀಯನ ಮತ್ತು ಪವಿತ್ರಾತ್ಮನ ಕರುಣೆಯಿಂದ ಎಂದು ಅದು ಆರಂಭವಾಗುತ್ತದೆ. ಕುರಾನ್ ಅವತರಿಸುವುದಕ್ಕೆ ಅರವತ್ತು ವರ್ಷ ಮೊದಲು, ಕ್ರೈಸ್ತನೊಬ್ಬನ ಶಾಸನದಲ್ಲಿ ಕುರಾನ್ ಬಳಸುವ ಅದೇ ದೇವನಾಮ, ರಹ್ಮಾನ್! ನಜ್ರಾನಿನ ಬಳಿಯ ಹಿಮಾ ಎಂಬಲ್ಲಿ ಬಂಡೆಗಳ ಮೇಲೆ 470ರ ಸುಮಾರಿನ ಬರಹಗಳೂ ಸಿಕ್ಕಿವೆ. ಅರಬಿ ಲಿಪಿ ಇನ್ನೂ ಮೈದಳೆಯುತ್ತಿದ್ದ ಕಾಲದ ಆ ಅಕ್ಷರಗಳ ಜೊತೆ ಶಿಲುಬೆಗಳಿವೆ.

ಮಕ್ಕಾದಲ್ಲಾದರೋ ಲಾತ್, ಉಜ್ಜಾ, ಮನಾತ್ ಮೊದಲಾದ ದೇವತೆಗಳ ಆರಾಧನೆ ನಡೆದಿತ್ತು. ಅಲ್ಲಿಯೂ ವಿಗ್ರಹಗಳಿಂದ ದೂರ ಸರಿದು ಇಬ್ರಾಹೀಮರ, ಅಂದರೆ ಬೈಬಲಿನ ಅಬ್ರಹಾಮನ, ದೇವರನ್ನು ಹುಡುಕುತ್ತಿದ್ದ ಕೆಲವರಿದ್ದರು. ಅವರನ್ನು ಹನೀಫರು ಎನ್ನುತ್ತಿದ್ದರು. ಜೈದ್ ಇಬ್ನ್ ಅಮ್ರ್ ಅಂಥವರಲ್ಲೊಬ್ಬ. ವಿಗ್ರಹಕ್ಕೆ ಬಲಿಕೊಟ್ಟ ಮಾಂಸವನ್ನು ಅವನು ಮುಟ್ಟುತ್ತಿರಲಿಲ್ಲ. ಜೀವಂತ ಹೂಳಲು ಹೊರಟ ಹೆಣ್ಣು ಶಿಶುಗಳನ್ನು ತಂದು ಸಾಕುತ್ತಿದ್ದನೆಂದು ಪರಂಪರೆ ಹೇಳುತ್ತದೆ. ಗುಹೆಯಲ್ಲಿ ಮೊದಲ ವಚನಗಳನ್ನು ಕೇಳಿ ನಡುಗುತ್ತ ಮನೆಗೆ ಬಂದ ಮುಹಮ್ಮದರನ್ನು ಪತ್ನಿ ಖದೀಜಾ ಕರೆದೊಯ್ದದ್ದು ತಮ್ಮ ದಾಯಾದಿ ವರಕಾ ಇಬ್ನ್ ನೌಫಲ್ ಬಳಿಗೆ. ದೃಷ್ಟಿ ಕಳೆದುಕೊಂಡಿದ್ದ ಆ ವೃದ್ಧ ಕ್ರೈಸ್ತ, ಮೂಸಾರ, ಅಂದರೆ ಬೈಬಲಿನ ಮೋಶೆಯ, ಬಳಿಗೆ ಬಂದ ದೇವದೂತನೇ ನಿನ್ನ ಬಳಿಗೂ ಬಂದಿದ್ದಾನೆ ಎಂದ. ಗಂಡನ ಅನುಭವವನ್ನು ಅಳೆಯಲು ಖದೀಜಾ ಹುಡುಕಿದ್ದು ಹಳೆಯ ಗ್ರಂಥ ಬಲ್ಲ ಒಬ್ಬನನ್ನು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಕುರಾನ್‌ನಲ್ಲಿ ಮೂಸಾರ ಹೆಸರು 130ಕ್ಕೂ ಹೆಚ್ಚು ಸಲ ಬರುತ್ತದೆ. ಮುಹಮ್ಮದ್ ಎಂಬ ಹೆಸರು ನಾಲ್ಕೇ ಸಲ. ಹೆಸರಿಟ್ಟು ಕರೆದ ಏಕೈಕ ಮಹಿಳೆ ಮರ್ಯಮ್. ಬೈಬಲಿನ ಯೋಸೇಫನಾದ ಪ್ರವಾದಿ ಯೂಸುಫರ ಕಥೆಯೊಂದನ್ನು ಬಿಟ್ಟರೆ ಹೆಚ್ಚಿನ ಕಥೆಗಳನ್ನು ಅದು ಸುಳಿವು ಕೊಟ್ಟು ಮುಂದೆ ಸಾಗಿಸುತ್ತದೆ, ಕೇಳುವವರಿಗೆ ಉಳಿದದ್ದು ಗೊತ್ತಿದೆ ಎಂಬಂತೆ. ತಾನು ಹೊಸ ಧರ್ಮ ಎಂದು ಅದು ಹೇಳಿಕೊಳ್ಳುವುದಿಲ್ಲ. ಇಬ್ರಾಹೀಮರು ಯಹೂದಿಯೂ ಅಲ್ಲ, ಕ್ರೈಸ್ತರೂ ಅಲ್ಲ, ಅವರು ಹನೀಫರು. ಅವರ ದಾರಿಯನ್ನೇ ಮತ್ತೆ ತೆರೆಯುತ್ತಿದ್ದೇವೆ ಎಂಬುದು ಅದರ ನಿಲುವು. ಯೇಸು ದೇವರ ಮಗ ಎಂಬುದನ್ನೂ ಅವರು ಶಿಲುಬೆಯ ಮೇಲೆ ಸತ್ತರು ಎಂಬುದನ್ನೂ ಅದು ಖಂಡಿತವಾಗಿ ನಿರಾಕರಿಸುತ್ತದೆ. ಕ್ರೈಸ್ತರ ಪಾಲಿಗೆ ಇದು ಕಡ್ಡಿಯಷ್ಟು ಅಂತರವಲ್ಲ ಎಂಬುದನ್ನೂ ಹೇಳಬೇಕು.

622ರಲ್ಲಿ ಪ್ರವಾದಿಯವರು ಮದೀನಾಕ್ಕೆ ಬಂದಾಗ ಯಹೂದಿಗಳನ್ನೂ ಒಳಗೊಂಡ ಒಡಂಬಡಿಕೆಯಾಯಿತು: ಯಹೂದಿಗಳಿಗೆ ಅವರ ಧರ್ಮ, ಮುಸ್ಲಿಮರಿಗೆ ಅವರ ಧರ್ಮ. ಆಗ ನಮಾಜಿನ ದಿಕ್ಕು ಜೆರುಸಲೇಮ್. ಆದರೆ ಅಲ್ಲಿನ ಯಹೂದಿಗಳಲ್ಲಿ ಹೆಚ್ಚಿನವರು ಮುಹಮ್ಮದರನ್ನು ಪ್ರವಾದಿಯೆಂದು ಒಪ್ಪಲಿಲ್ಲ. 624ರಲ್ಲಿ ದಿಕ್ಕು ಮಕ್ಕಾದ ಕಡೆಗೆ ಬದಲಾಯಿತು. ಎರಡು ಯಹೂದಿ ಬುಡಕಟ್ಟುಗಳು ಗಡೀಪಾರಾದವು; 627ರಲ್ಲಿ, ಮುತ್ತಿಗೆ ಹಾಕಿದ ಶತ್ರುಗಳ ಜೊತೆ ಕೈಜೋಡಿಸಿದ ಆರೋಪದ ಮೇಲೆ ಮೂರನೆಯ ಬುಡಕಟ್ಟಿನ ಗಂಡಸರನ್ನು ಕೊಲ್ಲಲಾಯಿತು. ಅಬಿಸೀನಿಯಾದ ಆಸರೆಯನ್ನು ನೆನೆಯುವವರು ಈ ಕಹಿಯನ್ನೂ ಮರೆಯಬಾರದು.

ಆದರೂ ಹಳೆಯ ಧರ್ಮಗಳೊಡನೆ ಮಾತುಕತೆ ನಿಲ್ಲಲಿಲ್ಲ. ನಮ್ಮ ಊರುಗಳಲ್ಲಿ ಬಕ್ರೀದ್ ಎಂದು ಆಚರಿಸುವ ಹಬ್ಬ ಇಬ್ರಾಹೀಮರು ಮಗನನ್ನು ಬಲಿಕೊಡಲು ಸಿದ್ಧರಾದ ನೆನಪಿನದು. ಆ ಮಗ ಇಸ್‌ಹಾಕ್ ಎನ್ನುತ್ತದೆ ಯಹೂದಿ ಗ್ರಂಥ. ಕುರಾನ್ ಹೆಸರು ಹೇಳುವುದಿಲ್ಲ. ಅವನು ಇನ್ನೊಬ್ಬ ಮಗ ಇಸ್ಮಾಯೀಲ್ ಎಂಬುದು ಇಂದು ಮುಸ್ಲಿಮರಲ್ಲಿ ಬಲವಾದ ನಂಬಿಕೆ. ಆದರೆ 923ರಲ್ಲಿ ತೀರಿಕೊಂಡ ಮಹಾ ವ್ಯಾಖ್ಯಾನಕಾರ ತಬರಿ ಎರಡೂ ಕಡೆಯ ಹೇಳಿಕೆಗಳನ್ನು ಸಾಲುಸಾಲಾಗಿ ಮುಂದಿಟ್ಟು, ವಾದ ಮಾಡಿ, ಇಸ್‌ಹಾಕ್ ಎಂದೇ ತೀರ್ಮಾನಿಸಿದ. ಮುಂದಿನ ವಿದ್ವಾಂಸರಲ್ಲಿ ಹೆಚ್ಚಿನವರು ಆ ತೀರ್ಮಾನವನ್ನು ಒಪ್ಪದಿದ್ದರೂ ಅವನ ವ್ಯಾಖ್ಯಾನವನ್ನು ಇಂದಿಗೂ ಓದುತ್ತಾರೆ.

ನಮಸ್ಕಾರ.