ಹಿಂದೆ ಸರಿದ ನೆರಿಗೆ

ಕೇಳುಗರಿಗೆ ನಮಸ್ಕಾರ.

ಕೊಡವ ಹೆಂಗಸರು ಸೀರೆಯ ನೆರಿಗೆಯನ್ನು ಬೆನ್ನ ಕಡೆಗೆ ಏಕೆ ಉಡುತ್ತಾರೆ ಎಂದು ಕೊಡಗಿನ ಹಿರಿಯರನ್ನು ಕೇಳಿ, ಕಾವೇರಿಯ ಕಥೆ ಹೇಳುತ್ತಾರೆ. ಅಗಸ್ತ್ಯರ ಕಮಂಡಲುವಿನಿಂದ ಹೊರಬಿದ್ದು ಹೊರಟೇಬಿಟ್ಟ ತಾಯಿಯನ್ನು ತಡೆಯಲು ಜನ ಬಲಮುರಿಯಲ್ಲಿ ಅಡ್ಡ ನಿಂತರಂತೆ. ಹೊಳೆ ಬಲಕ್ಕೆ ತಿರುಗಿ ನುಗ್ಗಿದ ರಭಸಕ್ಕೆ ಹೆಂಗಸರ ನೆರಿಗೆ ಹಿಂದಕ್ಕೆ ಸರಿಯಿತಂತೆ. ಹೊಳೆಯ ತಿರುವು ಊರಿನ ಹೆಸರಾಯಿತು, ನೀರಿನ ಸೆಳೆತ ಉಡುಗೆಯಾಯಿತು. ಸೀರೆ ಉಡಿಸುವಾಗ ಅಜ್ಜಿ ಈ ಕಥೆ ಹೇಳಿದರೆ ಮೊಮ್ಮಗಳು ಅದನ್ನು ಮರೆಯುವುದಾದರೂ ಹೇಗೆ?

ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ಅನ್ನ ಕೊಡುವ ದೇವರು. ರೋಹಿಣಿ ನಕ್ಷತ್ರ, ಹುಣ್ಣಿಮೆಗಳನ್ನು ನೋಡಿ ಹೊಸ ಭತ್ತದ ಕೊಯ್ಲಿನ ಹಬ್ಬವಾದ ಪುತ್ತರಿಯ ಮುಹೂರ್ತ ಇಡುವುದು ಅವನ ಸನ್ನಿಧಿಯಲ್ಲೇ. ನೆರೆ ಎಂಬ ಎಲೆಗಳ ಕಟ್ಟು ಕಟ್ಟಲು ಒಂದು ಗಳಿಗೆ, ಗದ್ದೆಯಿಂದ ಕದಿರು ತೆಗೆಯಲು ಒಂದು, ಊಟಕ್ಕೆ ಇನ್ನೊಂದು. ನೆರೆಗೆ ಬೇಕಾದ ಎಲೆ ಕೊಯ್ಯಲು ಹೊರಟ ಹಿರಿಯರ ಬೆನ್ನಿಗೆ ಮಕ್ಕಳು ಬೀಳುತ್ತಾರೆ. ಮರದ ಗುರುತು ಅವರಿಗೆ ಹತ್ತುವುದು ಆಗಲೇ.

ಹಾಡುಗಳು ಮಕ್ಕಳಿಗೆ ದಾಟುವ ಸಂಗತಿ ಇಷ್ಟು ಸಲೀಸಲ್ಲ. ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದ ನಾಲ್ವರು ಕುಳಿತು ಹಾಡುವ ಪಾಟ್‌ಗಳಲ್ಲಿ, ಅಂದರೆ ಹಾಡುಗಳಲ್ಲಿ, ದೇವರ ಹುಟ್ಟಿದೆ, ಮನೆತನದ ಕಥೆಯಿದೆ, ಮದುವೆ ಸಾವುಗಳ ಕಟ್ಟಳೆಯಿದೆ. ಬಾಯಿಂದ ಬಾಯಿಗೆ ಬಂದ ಇದನ್ನೆಲ್ಲ ನಡಿಕೇರಿಯಂಡ ಚಿಣ್ಣಪ್ಪನವರು ಕಲೆಹಾಕಿ, ಕೊಡವ ಮಾತನ್ನು ಕನ್ನಡ ಲಿಪಿಯಲ್ಲಿ ಬರೆದು, 1924ರಲ್ಲಿ 'ಪಟ್ಟೋಲೆ ಪಳಮೆ'ಯಾಗಿ ಅಚ್ಚು ಹಾಕಿಸಿದರು. ಪೊಲೀಸ್ ಕೆಲಸದಲ್ಲಿದ್ದ ಮನುಷ್ಯ ಅವರು! ಆ ಒಬ್ಬರ ಪಟ್ಟು ಇಲ್ಲದಿದ್ದರೆ ಎಷ್ಟು ಸಾಲುಗಳು ಹಿರಿಯರ ಚಿತೆಯೊಡನೆ ಸುಟ್ಟುಹೋಗುತ್ತಿದ್ದವೋ ಎಂದು ನೆನೆದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆದರೆ ಪುಸ್ತಕಕ್ಕೆ ಸಿಕ್ಕಿದ್ದು ಮಾತು. ದುಡಿಯ ಪೆಟ್ಟು, ಎಳೆದು ಹಾಡುವ ಆ ರಾಗ, ಎಲ್ಲಿ ಉಸಿರು ಹಿಡಿಯಬೇಕೆಂಬ ಹದ ಇವೆಲ್ಲ ಇನ್ನೂ ಹಾಡುಗಾರರ ಗಂಟಲಲ್ಲೇ ಉಳಿದಿವೆ. ಮೊಬೈಲ್‌ನಲ್ಲಿ ಧ್ವನಿ ಹಿಡಿದಿಡುವುದು ಒಳ್ಳೆಯದೇ. ಅಷ್ಟಕ್ಕೇ ಕೆಲಸ ಮುಗಿಯಿತೆಂದು ನಾನು ನಂಬುವುದಿಲ್ಲ.

ಈ ಪುತ್ತರಿಗೆ ಐನ್‌ಮನೆಗೆ, ಮನೆತನದ ಮೂಲಮನೆಗೆ, ಹೊರಟವರಲ್ಲಿ ನನ್ನದೊಂದು ಕೋರಿಕೆ. ಹಾಡುವವರ ಪಕ್ಕದಲ್ಲೇ ಮಕ್ಕಳನ್ನು ಕೂರಿಸಿ. ಇಬ್ಬರು ಹಾಡಿ ಬಿಟ್ಟ ಸಾಲನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತಾರಲ್ಲ, ಆಗ ಆ ಪುಟ್ಟ ದನಿಯೂ ಜೊತೆಗೆ ಏಳಲಿ.

ನಮಸ್ಕಾರ.