ನೀರಂಚಿನ ದಾರಿ, ಗಾಳಿಯ ಮರ್ಜಿ

ಕೇಳುಗರಿಗೆ ನಮಸ್ಕಾರ.

ಕಡಲ ತೀರದಲ್ಲೋ ದೊಡ್ಡದೊಂದು ಸರೋವರದ ದಡದಲ್ಲೋ ನಾಲ್ಕಾರು ದಿನ ಸೈಕಲ್ ತುಳಿದು ಸುತ್ತಬೇಕೆಂದು ಹೊರಡುವವರು ಮೊದಲು ನಕ್ಷೆ ಬಿಡಿಸಿ ಕಿಲೋಮೀಟರ್ ಎಣಿಸುತ್ತಾರೆ. ದಿನಕ್ಕೆ ಇಷ್ಟು ದೂರ, ರಾತ್ರಿ ಇಂಥಲ್ಲಿ ತಂಗುವುದು, ಒಟ್ಟು ಇಷ್ಟು ದಿನ. ಒಳನಾಡಿನಲ್ಲಿ ಈ ಲೆಕ್ಕ ಒಂದು ಮಟ್ಟಿಗೆ ನಡೆಯುತ್ತದೆ. ನೀರಿನ ಪಕ್ಕದಲ್ಲಿ ನಡೆಯುವುದಿಲ್ಲ. ಅಲ್ಲಿ ದೂರವನ್ನು ಅಳೆಯುವುದು ಗಾಳಿ. ಬೆಳಿಗ್ಗೆ ಒಂದು ಗಂಟೆಯಲ್ಲಿ ಮುಗಿದ ದಾರಿಗೆ ಮಧ್ಯಾಹ್ನ ಎರಡು ಗಂಟೆ ಹಿಡಿದರೆ ತಪ್ಪು ಕಾಲಿನದ್ದಲ್ಲ, ಹೊತ್ತಿನದ್ದು.

ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ. ಬಿಸಿಲೇರಿದಂತೆ ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ಆ ಜಾಗಕ್ಕೆ ನೀರಿನ ಮೇಲಿನ ತಂಪು ಗಾಳಿ ನುಗ್ಗುತ್ತದೆ. ಶಾಲೆಯಲ್ಲಿ ಎಲ್ಲರೂ ಓದಿ ಮರೆತ ಪಾಠ ಇದು. ಸೈಕಲ್ ಏರಿದವರಿಗೆ ಮಾತ್ರ ತೊಡೆಯಲ್ಲಿ ನೆನಪಾಗುತ್ತದೆ. ಬೆಳಗಿನ ಹೊತ್ತು ಸುಮ್ಮನಿರುವ ಕಡಲಗಾಳಿ ಸಾಮಾನ್ಯವಾಗಿ ನಡುಹಗಲಿಗೆ ಮೈಕೊಡವಿ ಎದ್ದು, ಮಧ್ಯಾಹ್ನದ ಮೇಲೆ ಬಲವಾಗಿ ಬೀಸಿ, ಸಂಜೆಗೆ ಅಡಗುತ್ತದೆ. ರಾತ್ರಿ ನೆಲವೇ ಬೇಗ ತಣಿಯುವುದರಿಂದ ದಿಕ್ಕು ತಿರುವುಮುರುವಾಗುತ್ತದೆ. ದೊಡ್ಡ ಸರೋವರಗಳಲ್ಲೂ ಇದೇ ಆಟ, ಸ್ವಲ್ಪ ಮೆಲ್ಲಗೆ. ಬಿರುಗಾಳಿ ಮಳೆಯ ಕಾಲದಲ್ಲಿ ಈ ದಿನಚರಿ ಕೆಡುತ್ತದೆ ನಿಜ, ಆದರೆ ಹವೆ ನೆಟ್ಟಗಿರುವ ದಿನಗಳಲ್ಲಿ ಇದನ್ನು ನಂಬಬಹುದು. ಗಾಳಿ ಬಂದಾಗ ತೂರಿಕೋ ಎಂಬುದು ಕಣದಲ್ಲಿ ನಿಂತವರ ಲೆಕ್ಕ. ಸೈಕಲ್ ಸವಾರರದು ಅದರ ತದ್ವಿರುದ್ಧ: ಗಾಳಿ ಬರುವ ಮೊದಲೇ ದಾಟಿಕೊಳ್ಳಬೇಕು.

ಎದುರುಗಾಳಿ ಅಷ್ಟೊಂದು ಕಾಡುವುದು ಏಕೆ? ಗಾಳಿ ಒಡ್ಡುವ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಾಳಿಯಿಲ್ಲದ ಹೊತ್ತಿನಲ್ಲಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದೀರಿ ಎನ್ನಿ. ಅಷ್ಟೇ ವೇಗದ ಗಾಳಿ ಎದುರಿನಿಂದ ಬಂದರೆ ನಿಮ್ಮ ಎದೆಗೆ ಬಡಿಯುವುದು 30 ಕಿಲೋಮೀಟರ್ ವೇಗದ ಗಾಳಿ. ಅದರ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹೋಗುವಾಗ ಎದುರುಗಾಳಿಯಾದರೆ ಬರುವಾಗ ಬೆನ್ನಗಾಳಿಯಾಗಿ ಸರಿಹೋಗುತ್ತದೆ ಎಂದು ಸಮಾಧಾನ ಹೇಳುವವರಿದ್ದಾರೆ. ಸರಿಹೋಗುವುದಿಲ್ಲ. 30 ಕಿಲೋಮೀಟರ್ ದಾರಿಯನ್ನು ಗಂಟೆಗೆ 10ರಂತೆ ಹೋಗಲು 3 ಗಂಟೆ, 30ರಂತೆ ಮರಳಲು 1 ಗಂಟೆ. ಸರಾಸರಿ 20 ಅಲ್ಲ, 15. ಇನ್ನೊಂದು ಮೋಜೆಂದರೆ, ಬೆನ್ನಗಾಳಿಯಲ್ಲಿ ಹೋಗುವವರಿಗೆ ಗಾಳಿಯೇ ಇಲ್ಲವೆನಿಸುತ್ತದೆ. ಇವತ್ತು ಕಾಲಿಗೆ ಬಲ ಬಂದಿದೆ ಎಂದು ಬೀಗುತ್ತಾ ಹೋಗುತ್ತಾರೆ. ಹಿಂದಿರುಗಿದಾಗ ತಿಳಿಯುತ್ತದೆ ಬಲ ಯಾರದಿತ್ತು ಎಂದು.

ಏರುದಾರಿ ಇದಕ್ಕಿಂತ ಎಷ್ಟೋ ಮೇಲು ಎಂದು ನನ್ನ ಮತ. ಏರಿಗೆ ಒಂದು ತುದಿಯಿದೆ, ತುದಿಯಾಚೆ ಇಳಿಜಾರಿದೆ. ಎದುರುಗಾಳಿಗೆ ಎರಡೂ ಇಲ್ಲ. ಈ ಸಂಕಟವನ್ನೇ ಪಂದ್ಯ ಮಾಡಿಕೊಂಡವರು ಡಚ್ಚರು. ನೆದರ್ಲೆಂಡ್ಸ್‌ನಲ್ಲಿ ಕಡಲಿನ ಉಕ್ಕನ್ನು ತಡೆಯಲು ಕಟ್ಟಿರುವ ಓಸ್ಟರ್‌ಸ್ಕೆಲ್ಡೆ ತಡೆಗೋಡೆಯ ಮೇಲೆ, ಗೇರ್ ಇಲ್ಲದ ಸಾದಾ ಸೈಕಲ್‌ಗಳಲ್ಲಿ, ಬಿರುಗಾಳಿಗೆ ಎದುರಾಗಿ 8.5 ಕಿಲೋಮೀಟರ್ ತುಳಿಯುವ ರಾಷ್ಟ್ರೀಯ ಸ್ಪರ್ಧೆಯನ್ನು 2013ರಲ್ಲಿ ಶುರುಮಾಡಿದರು. ಅದಕ್ಕೆ ಮೊದಲೇ ಗೊತ್ತುಮಾಡಿದ ದಿನಾಂಕವಿಲ್ಲ. ತಕ್ಕಷ್ಟು ಕೆಟ್ಟ ಗಾಳಿಯ ಮುನ್ಸೂಚನೆ ಬಂದಾಗಲೇ ಕರೆ ಹೋಗುತ್ತದೆ. ಪ್ರವಾಸಕ್ಕೆ ಹೊರಟವರು ಈ ಹಟ ಹಿಡಿಯಬೇಕಾಗಿಲ್ಲ. ಫ್ರಾನ್ಸಿನ ಪಾಲ್ ದ ವಿವಿ, ವೆಲೋಸಿಯೋ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು, ದೂರದ ಸವಾರರಿಗೆ ಹಾಕಿಕೊಟ್ಟ ನಿಯಮಗಳಲ್ಲಿ ಒಂದು, ಪ್ರತಿಷ್ಠೆಗೆ ಬಿದ್ದು ತುಳಿಯಬಾರದು ಎಂಬುದು. ಚಿಕ್ಕ ಗೇರಿಗೆ ಇಳಿದು, ಮೈ ಬಗ್ಗಿಸಿ, ವೇಗದ ಆಸೆ ಬಿಟ್ಟು, ಕಾಲು ಹಗುರವಾಗಿ ತಿರುಗುವಂತೆ ಇಟ್ಟುಕೊಳ್ಳುವುದೇ ಎದುರುಗಾಳಿಗೆ ಮದ್ದು. ಜೊತೆಯಲ್ಲಿ ಇನ್ನೊಬ್ಬರಿದ್ದರೆ ಸರದಿಯಂತೆ ಒಬ್ಬರ ಮರೆಯಲ್ಲಿ ಒಬ್ಬರು ಹೋಗಬಹುದು.

ಗಾಳಿಯನ್ನು ನೀರಿನ ಮೇಲೆ ಓದಲು ಬರುತ್ತದೆ. ಇದು ಒಳನಾಡಿನ ಸವಾರರಿಗಿಲ್ಲದ ಭಾಗ್ಯ. ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫೋರ್ಟ್ 1805ರಲ್ಲಿ ರೂಪಿಸಿದ ಗಾಳಿಯ ಮಾಪಕ ಇಂದಿಗೂ ಬಳಕೆಯಲ್ಲಿದೆ. ಅದರ ಪ್ರಕಾರ ಅಲೆಗಳ ನೆತ್ತಿ ಅಲ್ಲೊಂದು ಇಲ್ಲೊಂದು ಬೆಳ್ಳಗೆ ಒಡೆಯತೊಡಗಿದರೆ ಮೂರನೆಯ ದರ್ಜೆ, ಗಂಟೆಗೆ 12ರಿಂದ 19 ಕಿಲೋಮೀಟರ್. ಬಿಳಿ ನೊರೆ ಮೇಲಿಂದ ಮೇಲೆ ಕಾಣಿಸಿದರೆ ನಾಲ್ಕನೆಯದು, 20ರಿಂದ 28. ಅಂದರೆ ದಡದಲ್ಲಿ ನಿಂತು ಒಂದು ನಿಮಿಷ ನೋಡಿದರೆ ಮುಂದಿನ ಗಂಟೆಯ ಪಾಡು ಗೊತ್ತಾಗುತ್ತದೆ. ಸರೋವರದಲ್ಲಿ ಇನ್ನೂ ಸೂಕ್ಷ್ಮವಾಗಿ ನೋಡಬಹುದು. ಕನ್ನಡಿಯಂತಿದ್ದ ನೀರಿನ ಮೇಲೆ ದೂರದಲ್ಲೊಂದು ಕಪ್ಪು ಪಟ್ಟೆ ಮೂಡುತ್ತದೆ. ಅದು ಸಣ್ಣ ಸಣ್ಣ ತೆರೆಗಳ ಗುಂಪು. ಪಟ್ಟೆ ದಡದತ್ತ ಓಡಿ ಬರುತ್ತದೆ, ಜೊಂಡುಹುಲ್ಲು ಬಾಗುತ್ತದೆ, ಮರುಕ್ಷಣ ಹ್ಯಾಂಡಲ್ ಅದುರುತ್ತದೆ. ಪಟ್ಟೆಯನ್ನು ಕಂಡವರು ಹ್ಯಾಂಡಲನ್ನು ಮೊದಲೇ ಬಿಗಿಹಿಡಿದಿರುತ್ತಾರೆ. ಒಂದು ಎಚ್ಚರ: ಗಾಳಿ ನೆಲದಿಂದ ನೀರಿನತ್ತ ಬೀಸುವಾಗ ನಿಮ್ಮ ಕಡೆಯ ದಡ ಶಾಂತವಾಗಿಯೇ ಕಾಣುತ್ತದೆ. ಆಚೆ ದಡದತ್ತ ಕಣ್ಣು ಹಾಯಿಸಬೇಕು.

ಕಡಲಗಾಳಿ ದಡಕ್ಕೆ ಹೆಚ್ಚುಕಡಿಮೆ ನೇರವಾಗಿ ಬರುವುದರಿಂದ ತೀರದುದ್ದದ ರಸ್ತೆಯಲ್ಲಿ ಅದು ಎಷ್ಟೋ ಸಲ ಅಡ್ಡಗಾಳಿ. ಹಿಂದಿನ ಚಕ್ರದ ಎರಡೂ ಬದಿ ಚೀಲ ತೂಗುಹಾಕಿದ ಸೈಕಲ್‌ಗೆ ಅಡ್ಡಗಾಳಿ ಒಳ್ಳೆಯದಲ್ಲ. ಅದರಲ್ಲೂ ಲಾರಿಯೊಂದು ಗಾಳಿಯ ಬದಿಯಿಂದ ಮುಂದೆ ಹೋದರೆ ಒಂದು ಕ್ಷಣ ಗಾಳಿ ನಿಂತು, ಒತ್ತಿಹಿಡಿದಿದ್ದ ಸೈಕಲ್ ಲಾರಿಯತ್ತಲೇ ವಾಲುತ್ತದೆ. ಲಾರಿ ದಾಟಿದ ಕೂಡಲೇ ಗಾಳಿ ಮತ್ತೆ ತಳ್ಳುತ್ತದೆ. ಅಂಥ ದಿನ ದೊಡ್ಡ ರಸ್ತೆ ಬಿಟ್ಟು ಒಳದಾರಿ ಹಿಡಿಯುವುದೇ ಜಾಣತನ.

ಯಾವ ಕಡೆಯಿಂದ ಹೊರಡಬೇಕು ಎಂಬುದನ್ನು ಗಾಳಿಯ ಜೊತೆಗೆ ಆ ದೇಶದ ರಸ್ತೆ ನಿಯಮವೂ ತೀರ್ಮಾನಿಸುತ್ತದೆ. ಜಪಾನಿನಲ್ಲಿ ವಾಹನಗಳು ಎಡಗಡೆ ಓಡುತ್ತವೆ. ಹಾಗಾಗಿ ಬಿವಾ ಸರೋವರದ ಸುತ್ತಲಿನ ಸುಮಾರು 200 ಕಿಲೋಮೀಟರ್ ದಾರಿಯನ್ನು ಅಪ್ರದಕ್ಷಿಣೆಯಾಗಿ ಸುತ್ತುವುದು ರೂಢಿ. ನೀರು ಸದಾ ಎಡಕ್ಕೆ, ನಡುವೆ ವಾಹನಗಳ ಸಾಲಿಲ್ಲ. ಜರ್ಮನಿ, ಆಸ್ಟ್ರಿಯ, ಸ್ವಿಟ್ಜರ್ಲೆಂಡ್ ಮೂರಕ್ಕೂ ಸೇರಿದ ಬೋಡನ್‌ಸೇ ಸರೋವರದ ಸುತ್ತ ಸುಮಾರು 260 ಕಿಲೋಮೀಟರ್ ಸೈಕಲ್ ದಾರಿಯಿದೆ. ಅಲ್ಲಿ ಸಂಚಾರ ಬಲಗಡೆ, ಆದ್ದರಿಂದ ಪ್ರದಕ್ಷಿಣೆಯಾಗಿ ಹೋಗುವವರೇ ಹೆಚ್ಚು. ಅಮೆರಿಕದ ಪೆಸಿಫಿಕ್ ತೀರದಲ್ಲಂತೂ ಎರಡೂ ಕಾರಣ ಕೂಡಿಬಂದಿವೆ. ಬೇಸಿಗೆಯಲ್ಲಿ ಗಾಳಿ ವಾಯವ್ಯದಿಂದ ಬೀಸುತ್ತದೆ, ಸಂಚಾರ ಬಲಗಡೆ. ಉತ್ತರದಿಂದ ದಕ್ಷಿಣಕ್ಕೆ ಹೋದರೆ ಬೆನ್ನಿಗೆ ಗಾಳಿ, ಬಲಕ್ಕೆ ಕಡಲು. ದಕ್ಷಿಣದಿಂದ ಉತ್ತರಕ್ಕೆ ಹೊರಟವರನ್ನು ಎದುರಾದವರು ಮರುಕದಿಂದ ನೋಡಿದರೆ ಆಶ್ಚರ್ಯವಿಲ್ಲ.

ಕಡಲ ರಸ್ತೆ ಸಮತಟ್ಟು ಎಂಬ ನಂಬಿಕೆಯ ಬಗ್ಗೆ ಎರಡು ಮಾತು. ನೀರಿನ ಮಟ್ಟ ಒಂದೇ ಇರಬಹುದು, ರಸ್ತೆಯ ಮಟ್ಟ ಹಾಗಿರುವುದಿಲ್ಲ. ಬಂಡೆಗಳ ತೀರದಲ್ಲಿ ದಾರಿ ಪ್ರತಿಯೊಂದು ಅಳಿವೆಗೂ ಇಳಿದು, ಸೇತುವೆ ದಾಟಿ, ಮುಂದಿನ ಗುಡ್ಡದ ಮೂಗಿಗೆ ಮತ್ತೆ ಏರುತ್ತದೆ. ದಿನದ ಕೊನೆಗೆ ಕೂಡಿಸಿದರೆ ಬೆಟ್ಟವೊಂದನ್ನೇ ಹತ್ತಿದಷ್ಟಾಗಬಹುದು. ಸೇತುವೆ ಇಲ್ಲದ ಅಳಿವೆಯಾದರೆ ನದಿಯ ಜಾಡು ಹಿಡಿದು ಒಳನಾಡಿಗೆ ಹೋಗಿ ಬಳಸಿ ಬರಬೇಕು, ಇಲ್ಲವೇ ದೋಣಿಗೆ ಕಾಯಬೇಕು. ನಕ್ಷೆಯಲ್ಲಿ ಬೆರಳಗಲ ಕಾಣುವ ನೀರು ಅರ್ಧ ದಿನ ನುಂಗಿಬಿಡುತ್ತದೆ. ದೋಣಿಯ ವೇಳೆಯನ್ನು ಹಿಂದಿನ ದಿನವೇ ವಿಚಾರಿಸಿಟ್ಟುಕೊಳ್ಳಿ. ಕುಡಿಯುವ ನೀರನ್ನೂ ಹೊತ್ತೇ ಸಾಗಬೇಕು. ಕಡಲಿನದು ಬಾಯಿಗೆ ಬರುವುದಿಲ್ಲ. ಮರಳಿನ ಮೇಲೆ ಹೋಗಲೇಬೇಕೆಂಬ ಆಸೆಯಿದ್ದರೆ ಇಳಿತದ ಹೊತ್ತಿನಲ್ಲಿ, ಒದ್ದೆಯಾಗಿ ಗಟ್ಟಿಯಾದ ಪಟ್ಟಿಯಲ್ಲಿ, ಅಗಲ ಟೈರಿನ ಗಾಳಿ ಸ್ವಲ್ಪ ಇಳಿಸಿಕೊಂಡು ಹೋಗಬಹುದು. ನಾನಂತೂ ಬೇಡವೆನ್ನುತ್ತೇನೆ.

ಏಕೆಂದರೆ ಉಪ್ಪು. ಅಲೆ ಒಡೆಯುವಲ್ಲಿ ಕಣ್ಣಿಗೆ ಕಾಣದ ಉಪ್ಪುಹನಿ ಗಾಳಿಯಲ್ಲಿ ತೇಲುತ್ತಿರುತ್ತದೆ. ಅದು ಲೋಹದ ಮೇಲೆ ಕೂತು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುವುದರಿಂದ ಸೈಕಲ್ ಒಣಗುವುದೇ ಇಲ್ಲ. ರಾತ್ರಿ ಹಾಗೇ ಬಿಟ್ಟ ಚೈನು ಬೆಳಿಗ್ಗೆ ಕೊಂಡಿ ಕೊಂಡಿಯಲ್ಲೂ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಮರಳೂ ಸೇರಿಕೊಂಡಿದ್ದರೆ ಪೆಡಲ್ ತಿರುಗಿಸಿದಾಗ ಕರಕರ ಸದ್ದು ಕೇಳುತ್ತದೆ. ಪ್ರತಿ ಸಂಜೆ ಸಿಹಿನೀರನ್ನು ಮೆಲ್ಲಗೆ ಸುರಿದು ತೊಳೆದು, ಬಟ್ಟೆಯಿಂದ ಒರೆಸಿ, ಎಣ್ಣೆ ಬಿಡಬೇಕು. ಜೋರಾಗಿ ಚಿಮ್ಮುವ ಪೈಪ್ ಬೇಡ, ಅದು ಉಪ್ಪುನೀರನ್ನು ಬೇರಿಂಗ್ ಒಳಗೇ ಅಟ್ಟುತ್ತದೆ. ಹೊರಡುವ ಮೊದಲು ಸೀಟಿನ ಕೊಳವೆಯನ್ನೂ ಒಮ್ಮೆ ಹೊರಗೆಳೆದು ಗ್ರೀಸ್ ಸವರಿ. ಉಕ್ಕಿನ ಚೌಕಟ್ಟಿನೊಳಗೆ ಕೂತ ಅಲ್ಯೂಮಿನಿಯಂ ಕೊಳವೆ ಉಪ್ಪಿನ ತೇವಕ್ಕೆ ಕಚ್ಚಿಕೊಂಡಿತೆಂದರೆ ಆಮೇಲೆ ಸೀಟನ್ನು ಏರಿಸಲೂ ಆಗುವುದಿಲ್ಲ, ಇಳಿಸಲೂ ಆಗುವುದಿಲ್ಲ.

ನಮಸ್ಕಾರ.