ನನ್ನ ಮಗನ ತೂಕ

ಕೇಳುಗರಿಗೆಲ್ಲ ನಮಸ್ಕಾರ.

ನನ್ನ ಮಗ ಹುಟ್ಟಿದಾಗ 1 ಕೆ.ಜಿ. 400 ಗ್ರಾಂ ಇದ್ದ. ಈಗ 41 ಕೆ.ಜಿ. ಇದ್ದಾನೆ. ನಡುವೆ 17 ವರ್ಷ ಕಳೆದಿದೆ. ಬೆಳಗ್ಗೆ ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಕುರ್ಚಿಗೆ, ಮಧ್ಯಾಹ್ನ ಕುರ್ಚಿಯಿಂದ ಚಾಪೆಗೆ, ಹಬ್ಬ ಬಂದರೆ ನೆಂಟರ ಮನೆಯ ಮೆಟ್ಟಿಲಿಗೆ. ಅವನನ್ನು ಎಷ್ಟು ಸಲ ಎತ್ತಿದ್ದೇನೋ, ಲೆಕ್ಕ ಇಟ್ಟವರಿಲ್ಲ. "ಆಯಮ್ಮನ ತಾಳ್ಮೆ ನೋಡ್ರೀ" ಅಂತ ಜನ ಹೊಗಳುತ್ತಾರೆ. ನನ್ನ ತಾಳ್ಮೆ ಚೆನ್ನಾಗಿಯೇ ಇದೆ, ಹೋಗಿರುವುದು ಸೊಂಟ. ಹಾಗಾಗಿ ಇವತ್ತು ಎತ್ತುವುದರ ಬಗ್ಗೆಯೇ ನಾಲ್ಕು ಮಾತು ಆಡೋಣ ಅಂತ ಬಂದಿದ್ದೇನೆ.

ಅವನಿಗೆ ಇರುವುದು ಸೆರೆಬ್ರಲ್ ಪಾಲ್ಸಿ, ಅಂದರೆ ಎಳೆಯ ಮಿದುಳಿಗೆ ಪೆಟ್ಟು ಬಿದ್ದು ಮೈಕೈಯ ಚಲನೆ ಹಿಡಿತಕ್ಕೆ ಸಿಗದಿರುವುದು. ನಾವು ತಾಯಂದಿರು ಚಿಕ್ಕದಾಗಿ ಸಿ.ಪಿ. ಅನ್ನುತ್ತೇವೆ. ಕನ್ನಡದಲ್ಲಿ ಮಿದುಳಿನ ಪಾರ್ಶ್ವವಾಯು ಅಂತ ಬರೆಯುವುದುಂಟು. ಪಾರ್ಶ್ವವಾಯು ಅಂದಕೂಡಲೇ ನಮ್ಮ ಜನಕ್ಕೆ ಲಕ್ವ ಹೊಡೆದ ಅಜ್ಜ ನೆನಪಾಗಿ, ಯಾವ ಊರಲ್ಲಿ ಎಣ್ಣೆ ಕೊಡುತ್ತಾರೆ ಅಂತ ವಿಳಾಸ ಹೇಳಲು ಶುರುಮಾಡುತ್ತಾರೆ. ಅದಕ್ಕೇ ಆ ಹೆಸರು ನನಗೆ ಅಷ್ಟು ಹಿಡಿಸುವುದಿಲ್ಲ.

ನನ್ನ ಕೂಸು ದಿನ ತುಂಬುವ ಮೊದಲೇ, ಎಂಟನೇ ತಿಂಗಳಲ್ಲಿ ಹುಟ್ಟಿದ್ದು. ಅಷ್ಟು ಬೇಗ ಹುಟ್ಟುವ ಮಕ್ಕಳ ಮಿದುಳಿನಲ್ಲಿ, ಕಾಲುಗಳಿಗೆ ಅಪ್ಪಣೆ ಒಯ್ಯುವ ನರತಂತುಗಳು ಬಹಳ ನಾಜೂಕು. ರಕ್ತ, ಆಮ್ಲಜನಕ ಕಡಿಮೆಯಾದರೆ ಮೊದಲ ಪೆಟ್ಟು ಅಲ್ಲಿಗೇ ಬೀಳುತ್ತದೆ. ಕೆಲವು ಮಕ್ಕಳಿಗೆ ಹೆರಿಗೆಯಲ್ಲಿ ಉಸಿರು ಸಿಗದೆ ಹೀಗಾಗುತ್ತದೆ, ಕೆಲವರಿಗೆ ಹುಟ್ಟಿದ ವಾರದಲ್ಲೇ ಕಾಮಾಲೆ ವಿಪರೀತ ಏರಿ, ಇನ್ನು ಕೆಲವರಿಗೆ ಮೆದುಳುಜ್ವರ ಬಂದು. ಎಷ್ಟೋ ಮಕ್ಕಳಿಗೆ ಗರ್ಭದಲ್ಲೇ ಆಗಿಹೋಗಿರುತ್ತದೆ, ಕಾರಣವೇ ಗೊತ್ತಾಗುವುದಿಲ್ಲ. ಒಮ್ಮೆ ಬಿದ್ದ ಪೆಟ್ಟು ಆಮೇಲೆ ಹರಡುವುದಿಲ್ಲ. ಯಾರಿಗೂ ಅಂಟುವುದೂ ಇಲ್ಲ. ಆದರೆ ಮಗು ಬೆಳೆಯುತ್ತದಲ್ಲ, ಮೂಳೆ ಉದ್ದವಾಗುತ್ತಾ ಹೋಗುತ್ತದೆ, ಬಿಗಿ ಹಿಡಿದ ಸ್ನಾಯು ಅದರ ಸಮಕ್ಕೆ ಉದ್ದವಾಗುವುದಿಲ್ಲ. ಎಕ್ಸರ್ಸೈಜು, ಕೈಕಾಲನ್ನು ನೆಟ್ಟಗೆ ಹಿಡಿಯುವ ಸ್ಪ್ಲಿಂಟು, ಕೆಲವರಿಗೆ ಆಪರೇಷನ್ನು, ಎಲ್ಲ ಆ ಎಳೆದಾಟಕ್ಕಾಗಿ.

ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಬಟ್ಟೆ ಬದಲಿಸುವಾಗ ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬಿಗಿದುಕೊಂಡರೆ, ಮುಷ್ಟಿ ಬಿಚ್ಚದಿದ್ದರೆ, ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುತ್ತಿದ್ದರೆ ತೋರಿಸಿಬಿಡಿ. "ನಮ್ಮ ವಂಶದಲ್ಲಿ ಗಂಡುಮಕ್ಕಳು ನಡೆಯೋದು ತಡ" ಅಂತ ನಮ್ಮತ್ತೆ ಹೇಳಿದರು, ನಾನು ನಂಬಿದೆ, ಹನ್ನೊಂದು ತಿಂಗಳು ಹೋಯಿತು. ಅತ್ತೆಯನ್ನು ದೂರುತ್ತಿಲ್ಲ. ನಂಬಲು ನನಗೂ ಮನಸ್ಸಿತ್ತು.

ಆಮೇಲೆ ಹರಕೆಗಳ ಸಾಲು. ಗರ್ಭಿಣಿಯಿದ್ದಾಗ ಗ್ರಹಣ ನೋಡಿದ್ದೆಯಾ ಅಂತ ಕೇಳದವರಿಲ್ಲ. ನಿಮಗೆ ನೆನಪಿರಬಹುದು, 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಜಿಲ್ಲೆಯಲ್ಲಿ ಅಂಗವೈಕಲ್ಯ ಇರುವ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಟಿ.ವಿ.ಯಲ್ಲಿ ಆ ದೃಶ್ಯ ಬಂದಾಗ ಪಕ್ಕದ ಮನೆಯವರೆಲ್ಲ ಛೀ ಥೂ ಅಂದರು. ನನಗೆ ಉಗಿಯಲು ಆಗಲಿಲ್ಲ. ಆ ಮಕ್ಕಳ ಅಳು ಕೇಳಿ ಕರುಳು ಕಿತ್ತು ಬಂತು, ನಿಜ. ಆದರೆ ಆ ಗುಂಡಿಯ ಪಕ್ಕ ಕೂತಿದ್ದ ಹೆಂಗಸರ ಮುಖವನ್ನೇ ನೋಡುತ್ತಿದ್ದೆ. ಮಗುವಿನ ಕಾಲಿಗೆ ಹೀಗೆ ಮಾಡು, ಕತ್ತಿಗೆ ಹೀಗೆ ಆಸರೆ ಕೊಡು ಅಂತ ಅವರ ಮನೆಬಾಗಿಲಿಗೆ ಬಂದು ಯಾರಾದರೂ ಒಂದು ದಿನ ಹೇಳಿಕೊಟ್ಟಿದ್ದರೇ? ಹೇಳುವವರು ಯಾರೂ ಬರದ ಮನೆಗೆ ಗ್ರಹಣ ಬರುತ್ತದೆ.

ನನ್ನ ಮನೆಬಾಗಿಲಿಗೆ ಬಂದವರು ವಿ.ಆರ್.ಡಬ್ಲ್ಯು. ಅಂದರೆ ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಇವರು ಇರುತ್ತಾರೆ, ತಾಲ್ಲೂಕಿಗೆ ಎಂ.ಆರ್.ಡಬ್ಲ್ಯು. ಅಂತ ಇನ್ನೊಬ್ಬರು. ಇವರಲ್ಲಿ ಬಹಳ ಮಂದಿ ಸ್ವತಃ ಅಂಗವೈಕಲ್ಯ ಇರುವವರೇ. ನಮ್ಮಲ್ಲಿಗೆ ಬಂದವರು ಒಂದು ಕಾಲಿಗೆ ಕ್ಯಾಲಿಪರ್ ಅನ್ನುವ ಆಸರೆಪಟ್ಟಿ ಹಾಕಿಕೊಂಡು ತ್ರಿಚಕ್ರ ಸ್ಕೂಟರಿನಲ್ಲಿ ಬರುತ್ತಿದ್ದರು. ಅವರು ಮಾಡಿದ ದೊಡ್ಡ ಉಪಕಾರ ಅಂದರೆ, "ಆಚೆ ಊರಲ್ಲೂ ಇಂಥದ್ದೇ ಮಗು ಇದೆ ಕಣಕ್ಕ, ಒಂದ್ಸಲ ಹೋಗಿಬನ್ನಿ" ಅಂದದ್ದು.

ಹೋದೆ. ಆ ಮನೆಯಲ್ಲಿ ಅಜ್ಜಿಯೊಬ್ಬರು ಮೊಮ್ಮಗಳನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ರಾಗಿಗಂಜಿ ಹೊಯ್ಯುತ್ತಿದ್ದರು. ಆ ಹುಡುಗಿಗೆ ಪದೇ ಪದೇ ಎದೆಯಲ್ಲಿ ಕಫ, ನ್ಯುಮೋನಿಯಾ. ಹೊಟ್ಟೆಗೆ ಇಳಿಯಬೇಕಾದ ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ನಾನೂ ಮೂರು ವರ್ಷ ಅದನ್ನೇ ಮಾಡಿ, ಕಡೆಗೆ ಥೆರಪಿಸ್ಟ್ ಕೈಲಿ ಬೈಸಿಕೊಂಡು ಕಲಿತಿದ್ದೆ. ಬೆನ್ನು ನೆಟ್ಟಗೆ ಕೂರಿಸಿ, ತಲೆ ತುಸು ಮುಂದಕ್ಕೆ ಬಾಗಿಸಿ, ಚಿಕ್ಕ ಚಮಚದಲ್ಲಿ, ನುಂಗಿದ್ದು ನೋಡಿಕೊಂಡು ಮುಂದಿನ ತುತ್ತು. ಇಷ್ಟೇ. ಅಜ್ಜಿ ನನಗೆ ಏನೂ ಹೇಳಲಿಲ್ಲ, ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರು. ನಮ್ಮ ಗುಂಪು ಶುರುವಾದದ್ದು ಆ ಕಾಫಿಯಿಂದ.

ಈಗ ನಾವು ಆರು ಜನ ತಾಯಂದಿರು, ಆ ಅಜ್ಜಿ, ಮತ್ತೆ ಆಟೋ ಓಡಿಸುವ ಒಬ್ಬ ಅಪ್ಪ. ಗುಂಪಿಗೆ ಹೆಸರಿಲ್ಲ, ರಸೀದಿ ಪುಸ್ತಕವಿಲ್ಲ. ತಿಂಗಳಿಗೊಂದು ಶನಿವಾರ ಯಾರದಾದರೂ ಜಗಲಿಯಲ್ಲಿ ಸೇರುತ್ತೇವೆ. ಊರಿನ ಬಡಗಿಯನ್ನು ಕರೆಸಿ ಮೂಲೆಕುರ್ಚಿ ಮಾಡಿಸಿದ್ದೇವೆ. ಗೋಡೆಯ ಮೂಲೆಯ ಹಾಗೆ ಎರಡು ಹಲಗೆ ಜೋಡಿಸಿ, ಮಗುವಿನ ಕಾಲುಗಳ ನಡುವೆ ಒಂದು ಗೂಟ, ಕಾಲು ಕತ್ತರಿಯಾಗದಂತೆ. ಮೊದಲನೆಯದಕ್ಕೆ ಬಡಗಿ ಗೂಟವನ್ನು ಎಷ್ಟು ನಯವಾಗಿ ತಿರುವಿದ್ದ ಅಂದರೆ ತೊಟ್ಟಿಲ ಕಾಲಿನಂತಿತ್ತು. ದುಡ್ಡು ತಗೊಳ್ಳಲಿಲ್ಲ. ಎರಡನೆಯದಕ್ಕೆ ನಾವೇ ಹಟ ಮಾಡಿ ಕೊಟ್ಟೆವು. ಪುಕ್ಕಟೆ ಅಂದರೆ ಮೂರನೆಯದನ್ನು ಕೇಳಲು ಬಾಯಿ ಬರುವುದಿಲ್ಲ.

ಎತ್ತುವುದನ್ನೂ ಅಲ್ಲಿಯೇ ಕಲಿತದ್ದು. ಮಂಡಿ ಬಗ್ಗಿಸಬೇಕು, ಸೊಂಟ ಬಗ್ಗಿಸಬಾರದು. ಮಗುವನ್ನು ಎದೆಗೆ ಒತ್ತಿಕೊಂಡು ಏಳಬೇಕು. ಎಲ್ಲಕ್ಕಿಂತ ಮೊದಲು ಅವರಿಗೆ ಹೇಳಬೇಕು, "ಎತ್ತುತ್ತೀನಿ ಕಣಪ್ಪ, ಒಂದು, ಎರಡು, ಮೂರು." ಹೇಳದೆ ಎತ್ತಿದರೆ ಬೆಚ್ಚಿ ಮೈಯೆಲ್ಲ ಸೆಟೆದುಕೊಳ್ಳುತ್ತದೆ, 41 ಕೆ.ಜಿ. ಅರವತ್ತು ಆದ ಹಾಗೆ. ಈಗ ನಮ್ಮ ಬೀದಿಯಲ್ಲಿ ಹೀಗೆ ಎತ್ತಬಲ್ಲವರು ಐದು ಜನ ಇದ್ದಾರೆ. ಹಾಲಿನ ಡೇರಿಯ ಹುಡುಗನೂ ಸೇರಿ.

ಹೇಳದೆ ಕೇಳದೆ ಎತ್ತಬಾರದು ಅಂದೆನಲ್ಲ, ಅದಕ್ಕೊಂದು ದೊಡ್ಡ ಕಥೆಯಿದೆ. ಕೋಲ್ಕತ್ತದ ಜೀಜಾ ಘೋಷ್ ಅವರಿಗೆ ಸಿ.ಪಿ. ಇದೆ. ಓದಿದವರು, ಅಂಗವಿಕಲರ ಹಕ್ಕುಗಳಿಗಾಗಿ ದುಡಿಯುವವರು. 2012ರ ಫೆಬ್ರವರಿ 19ರಂದು ಸಮ್ಮೇಳನವೊಂದಕ್ಕೆ ಗೋವಾಕ್ಕೆ ಹೊರಟು ವಿಮಾನದಲ್ಲಿ ಕೂತಿದ್ದರು. ಕೂತವರನ್ನು ಸಿಬ್ಬಂದಿ ಬಂದು ಕೆಳಗಿಳಿಸಿದರು. ಅವರು ಸುಪ್ರೀಂ ಕೋರ್ಟಿಗೆ ಹೋದರು. 2016ರ ಮೇ 12ರಂದು ತೀರ್ಪು ಬಂತು, ವಿಮಾನ ಕಂಪನಿ ಅವರಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ. ನಾಲ್ಕು ವರ್ಷ ಹಿಡಿಯಿತು. ಈ ಸುದ್ದಿಯನ್ನು ನಾನು ಮಗನಿಗೆ ಓದಿ ಹೇಳಿದ್ದೆ. ಅವನಿಗೆ ಮಾತು ತಿಳಿಯಾಗಿ ಬರುವುದಿಲ್ಲ, ಮೇಲಕ್ಕೆ ನೋಡಿದರೆ ಹೌದು, ಕಣ್ಣು ಮುಚ್ಚಿದರೆ ಬೇಡ. ಇನ್ನೊಂದು ಸಲ ಓದಲಾ ಅಂದರೆ ಮೇಲಕ್ಕೆ ನೋಡಿದ. ಮೂರು ಸಲ ಓದಿಸಿದ.

ಅಂಗಡಿಯಲ್ಲಿ ಮಾತ್ರ ಇವತ್ತಿಗೂ ಅವನ ತಲೆಯ ಮೇಲಿಂದ ನನ್ನನ್ನು ಕೇಳುತ್ತಾರೆ, "ಇವನಿಗೆ ಏನು ಬೇಕಂತೆ?" ಸಿ.ಪಿ. ಇರುವ ಕೆಲವರಿಗೆ ಬುದ್ಧಿಯ ಬೆಳವಣಿಗೆಯಲ್ಲೂ ತೊಡಕು ಇರುತ್ತದೆ, ಹಲವರಿಗೆ ಇರುವುದಿಲ್ಲ. ಮಾತು ಬಾರದ್ದಕ್ಕೂ ಬುದ್ಧಿ ಇಲ್ಲದ್ದಕ್ಕೂ ಗಂಟು ಹಾಕುವುದು ನಮ್ಮ ಹಳೆಯ ಚಾಳಿ. ಮುಂಬೈನ ಮಾಲಿನಿ ಚಿಬ್ ಅವರಿಗೂ ಸಿ.ಪಿ. ಇದೆ, ಒಂದೇ ಬೆರಳಿನಿಂದ ಟೈಪ್ ಮಾಡುತ್ತಾ ಎರಡು ಸ್ನಾತಕೋತ್ತರ ಪದವಿ ಪಡೆದವರು. ಅವರ ತಾಯಿ ಮಿಥು ಅಲೂರ್, ಮಗಳನ್ನು ಸೇರಿಸಿಕೊಳ್ಳುವ ಶಾಲೆ ಇಲ್ಲದೆ 1972ರಲ್ಲಿ ತಾವೇ ಒಂದು ಸಂಸ್ಥೆ ಕಟ್ಟಿದರು, ಸ್ಪ್ಯಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ. ಆಮೇಲೆ ಬೆಂಗಳೂರಿನ ಇಂದಿರಾನಗರದಲ್ಲಿ ಸ್ಪ್ಯಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಬಂತು. ದೇಶದಲ್ಲಿ ಈ ಕೆಲಸ ಬೆಳೆದದ್ದರ ಹಿಂದೆ ಹೀಗೆ ಸುಸ್ತಾದ ತಾಯಂದಿರಿದ್ದಾರೆ.

ಈಗ ಇಳಿಜಾರಿನ ಕಥೆ. ಶಾಲೆಯ ಜಗಲಿ ಎರಡು ಅಡಿ ಎತ್ತರ, ನಾಲ್ಕು ಮೆಟ್ಟಿಲು. ದಿನಾ ಬೆಳಗ್ಗೆ ಮೇಷ್ಟ್ರು ಒಂದು ಕಡೆ, ನಾನು ಒಂದು ಕಡೆ ವೀಲ್‌ಚೇರ್ ಹಿಡಿದು ಎತ್ತುತ್ತಿದ್ದೆವು. ಮೇಷ್ಟ್ರು ಒಳ್ಳೆಯವರು, ಆದರೆ ಅವರು ರಜೆ ಹಾಕಿದ ದಿನ ನನ್ನ ಮಗನಿಗೂ ರಜೆ. ಒಳ್ಳೆಯತನವನ್ನು ನಂಬಿಕೊಂಡರೆ ಹೀಗೆಯೇ. ಕೊನೆಗೆ ಗುಂಪಿನವರೆಲ್ಲ ಸೇರಿ ಗ್ರಾಮಸಭೆಗೆ ಹೋದೆವು. ಪಂಚಾಯಿತಿಯು ಶೇಕಡಾ 5ರಷ್ಟು ಹಣವನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು ಅನ್ನುವುದು ನಮಗೆ ಹೇಳಿಕೊಟ್ಟಿದ್ದು ಅದೇ ಸ್ಕೂಟರಿನ ವಿ.ಆರ್.ಡಬ್ಲ್ಯು. ಇಳಿಜಾರು ಮಂಜೂರಾಯಿತು, ಕಟ್ಟಿಯೂ ಆಯಿತು. ಆರು ಅಡಿ ಉದ್ದ! ಎರಡಡಿ ಎತ್ತರಕ್ಕೆ ಆರಡಿ ಉದ್ದ ಅಂದರೆ ಜಾರುಬಂಡೆ. ಮಕ್ಕಳು ಸಂತೋಷವಾಗಿ ಜಾರಿದರು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಅಂದರೆ ಇಪ್ಪತ್ನಾಲ್ಕು ಅಡಿ. ಅಳತೆಪಟ್ಟಿ ಹಿಡಿದುಕೊಂಡು ಮತ್ತೆ ಹೋದೆವು. ಅಂಗಳದಲ್ಲಿ ಅಷ್ಟು ಉದ್ದ ಜಾಗ ಇರಲಿಲ್ಲ, ನಡುವೆ ಒಂದು ತಿರುವು ಕೊಟ್ಟು ಎರಡನೇ ಸಲ ಕಟ್ಟಿದರು. ಈಗ ಅದರ ಮೇಲೆ ಬಿಸಿಯೂಟದ ಅಕ್ಕಿಮೂಟೆಯೂ ತಳ್ಳುಗಾಡಿಯಲ್ಲಿ ಹೋಗುತ್ತದೆ.

ಕಾಗದಪತ್ರದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಯು.ಡಿ.ಐ.ಡಿ. ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ ಮಾಡಿಸಿಕೊಳ್ಳಿ, ಮಿಕ್ಕಿದ್ದೆಲ್ಲ ಅದರಿಂದಲೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸಿ.ಪಿ. ಸೇರಿ 21 ಬಗೆಯ ಅಂಗವೈಕಲ್ಯಗಳಿವೆ. ಅಂಗವೈಕಲ್ಯ ಶೇಕಡಾ 40 ಮತ್ತು ಮೇಲ್ಪಟ್ಟು ಇದ್ದರೆ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿಗೂ ಸಲ್ಲುತ್ತದೆ. ಅಂಗವೈಕಲ್ಯದ ಸರ್ಟಿಫಿಕೇಟ್ ಕೊಡುವ ಶಿಬಿರಕ್ಕೆ ಒಬ್ಬರೇ ಹೋಗಬೇಡಿ. ನಾವು ಹೋಗಿದ್ದ ಒಂದು ಶಿಬಿರ ಮೊದಲ ಮಹಡಿಯಲ್ಲಿತ್ತು, ನಡೆಯಲಾಗದವರನ್ನು ಪರೀಕ್ಷಿಸುವ ಶಿಬಿರ! ಒಬ್ಬಳೇ ಆಗಿದ್ದರೆ ಅತ್ತುಕೊಂಡು ಹತ್ತುತ್ತಿದ್ದೆ. ನಾವು ಐದು ಜನ ಇದ್ದೆವು, ಹತ್ತುವುದಿಲ್ಲ ಅಂತ ಕೆಳಗೇ ಕೂತೆವು. ಅರ್ಧ ಗಂಟೆಗೆ ಡಾಕ್ಟರು ಇಳಿದು ಬಂದರು.

ಮುಂದಿನ ಫೆಬ್ರವರಿಗೆ ಮಗನಿಗೆ 18 ತುಂಬುತ್ತದೆ. ಆಮೇಲೆ ಕಾನೂನಿನ ಪ್ರಕಾರ ಅಪ್ಪ ಅಮ್ಮ ತಾನೇ ತಾನಾಗಿ ಪಾಲಕರಲ್ಲ. ಬೇಕಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನ್ಯಾಷನಲ್ ಟ್ರಸ್ಟಿನ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪಾಲಕತ್ವ ಪಡೆಯಬಹುದು. ಗುಂಪಿನಲ್ಲಿ ಕೆಲವರಿಗೆ ಅದು ಬೇಕೇಬೇಕು. ನಮ್ಮ ಮನೆಯಲ್ಲಿ ಇದರ ಮೇಲೆ ಜಗಳವೇ ಆಗಿದೆ. ಹಾಕೋಣ ಅನ್ನುತ್ತಾರೆ ಯಜಮಾನರು. ಹೌದು ಬೇಡ ಅನ್ನಲು ಬರುವವನ ಪರವಾಗಿ ನಾನೇಕೆ ಸಹಿ ಹಾಕಲಿ ಅಂತ ನನ್ನ ವಾದ. ಇನ್ನೂ ತೀರ್ಮಾನವಾಗಿಲ್ಲ.

ಹೋದ ವಾರ ಮತದಾರರ ಪಟ್ಟಿಗೆ ಹೆಸರು ಬರೆದುಕೊಳ್ಳಲು ಬಂದಿದ್ದರು. 2023ರ ವಿಧಾನಸಭಾ ಚುನಾವಣೆಯಿಂದ ನಮ್ಮ ರಾಜ್ಯದಲ್ಲಿ ಇಂಥವರು ಮನೆಯಿಂದಲೇ ಮತ ಹಾಕಬಹುದು, ನಿಮಗೆ ಎತ್ತಿಕೊಂಡು ಹೋಗುವ ತಾಪತ್ರಯ ಇಲ್ಲಮ್ಮ ಅಂದರು. ನಾನು ಮಗನ ಕಡೆ ತಿರುಗಿ, ಮನೆಯಲ್ಲೇ ಹಾಕ್ತೀಯಾ ಅಂದೆ. ಕಣ್ಣು ಗಟ್ಟಿಯಾಗಿ ಮುಚ್ಚಿದ. ಮತ್ತೆ? ಬೇಕಾದ್ದನ್ನು ಅವನು ಮುಟ್ಟಿ ತೋರಿಸುವ ಚಿತ್ರದ ಹಲಗೆ ಮುಂದಿಟ್ಟೆ. ಕೈ ಎರಡು ಸಲ ಎಲ್ಲೆಲ್ಲೋ ಹೋಗಿ, ಮೂರನೇ ಸಲಕ್ಕೆ ಶಾಲೆಯ ಚಿತ್ರದ ಮೇಲೆ ಬಿತ್ತು. ನಮ್ಮ ಮತಗಟ್ಟೆ ಅದೇ ಶಾಲೆ. ಇಳಿಜಾರೇನೋ ಇದೆ, ಕೋಣೆಯ ಬಾಗಿಲಲ್ಲಿ ಅರ್ಧ ಅಡಿಯ ಹೊಸ್ತಿಲು ಉಳಿದಿದೆ. ಅದಕ್ಕೆ ಸೋಮವಾರ ಅರ್ಜಿ ಕೊಟ್ಟು ಬಂದಿದ್ದೇವೆ.

ನಮಸ್ಕಾರ.